ಮೆನಿಂಜೈಟಿಸ್ ಬ್ಯಾಕ್ಟೀರಿಯಾ ಮತ್ತು ಔಷಧ ನಿರೋಧ: ವಂಶವಾಹಿ ಪರೀಕ್ಷೆ ನಮಗೆ ಏನು ಹೇಳುತ್ತದೆ?

ಜೀವಶಾಸ್ತ್ರ ವಿಭಾಗ



ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಗ್ರಿಫಿತ್‌ನ ಪ್ರಯೋಗವನ್ನು ನೀವೆಲ್ಲ ಓದುತ್ತೀರಿ. 1928ರಲ್ಲಿ ಅವನು ಶಾಖದಿಂದ ಕೊಂದ ನಯವಾದ ತಳಿಯ ಬ್ಯಾಕ್ಟೀರಿಯಾವನ್ನು ಜೀವಂತವಾದ ಒರಟು ತಳಿಯ ಜೊತೆ ಬೆರೆಸಿ ಇಲಿಗೆ ಚುಚ್ಚಿದ. ಇಲಿ ಸತ್ತಿತು. ಸತ್ತ ಇಲಿಯಲ್ಲಿ ನಯವಾದ ತಳಿ ಜೀವಂತವಾಗಿ ಸಿಕ್ಕಿತು. ಸತ್ತ ಬ್ಯಾಕ್ಟೀರಿಯಾದಿಂದ ಬದುಕಿರುವುದಕ್ಕೆ ಏನೋ ಒಂದು ವಸ್ತು ದಾಟಿದೆ ಎಂದು ಅವನು ಹೇಳಿದ. ಆ ವಸ್ತು ಡಿಎನ್‌ಎ ಎಂದು 1944ರಲ್ಲಿ ಏವರಿ, ಮ್ಯಾಕ್‌ಲಿಯಾಡ್ ಮತ್ತು ಮ್ಯಾಕಾರ್ಟಿ ತೋರಿಸಿದರು. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರುವ ಪ್ರಶ್ನೆ ಎಂದು ನಾವು ಇದನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ.

ಆ ಬ್ಯಾಕ್ಟೀರಿಯಾದ ಹೆಸರು ಸ್ಟ್ರೆಪ್ಟೊಕಾಕಸ್ ನ್ಯುಮೋನಿಯೆ. ಸಾಮಾನ್ಯವಾಗಿ ನ್ಯುಮೊಕಾಕಸ್ ಎನ್ನುತ್ತಾರೆ. ನ್ಯುಮೋನಿಯಾ ತರುವ ಇದೇ ಜೀವಿ ಮೆದುಳಿನ ಪೊರೆಗೆ ತಲುಪಿದರೆ ಮೆನಿಂಜೈಟಿಸ್ ತರುತ್ತದೆ. ಜೈವಿಕ ತಂತ್ರಜ್ಞಾನದ ಪಾಠದಲ್ಲಿ ಬರುವ ಹಿಂಡ್-2 ಎಂಬ ನಿರ್ಬಂಧಕ ಕಿಣ್ವವನ್ನೂ ನೆನಪಿಸಿಕೊಳ್ಳಿ. ಆ ಹೆಸರು ಹೀಮೊಫಿಲಸ್ ಇನ್‌ಫ್ಲುಯೆಂಜೆ ಎಂಬ ಬ್ಯಾಕ್ಟೀರಿಯಾದಿಂದ ಬಂದದ್ದು. ಅದರ 'ಬಿ' ಮಾದರಿಯೂ ಮಕ್ಕಳಲ್ಲಿ ಮೆನಿಂಜೈಟಿಸ್ ತರುತ್ತದೆ. ಅಂದರೆ ಈ ಕಾಯಿಲೆಯ ಎರಡು ಮುಖ್ಯ ರೋಗಾಣುಗಳು ಈಗಾಗಲೇ ನಿಮ್ಮ ಪಠ್ಯದಲ್ಲಿವೆ. ಆ ಪಾಠಗಳನ್ನೇ ಹಿಡಿದುಕೊಂಡು ಇಂದಿನ ಒಂದು ದೊಡ್ಡ ಸಮಸ್ಯೆಯನ್ನು ಅರ್ಥ ಮಾಡಿಕೊಳ್ಳುವುದು ಈ ಲೇಖನದ ಉದ್ದೇಶ. ಸಮಸ್ಯೆ ಇಷ್ಟು: ಮೆನಿಂಜೈಟಿಸ್ ಬಂದ ರೋಗಿಗೆ ಕೊಡುವ ಔಷಧಿ ಕೆಲಸ ಮಾಡುತ್ತದೆಯೇ ಇಲ್ಲವೇ ಎಂಬುದನ್ನು ಸಮಯ ಮೀರುವ ಮೊದಲು ತಿಳಿಯುವುದು ಹೇಗೆ?

ಮೊದಲು ಒಂದು ಹೆಸರಿನ ಗೊಂದಲ

ನಮ್ಮ ಕಡೆ 'ಮೆದುಳು ಜ್ವರ' ಎಂದರೆ ಬಹಳ ಜನರಿಗೆ ನೆನಪಾಗುವುದು ಜಪಾನೀಸ್ ಎನ್‌ಸೆಫಲೈಟಿಸ್. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆ ಆಗುವ ಮೊದಲು, ಕೋಲಾರ ಜಿಲ್ಲೆಯ ಭಾಗವಾಗಿದ್ದ ಕಾಲದಿಂದಲೂ ಈ ಸೀಮೆಗೆ ಅದು ಗೊತ್ತಿರುವ ಕಾಯಿಲೆ. ಅದನ್ನು ತರುವುದು ವೈರಸ್. ಹರಡುವುದು ಕ್ಯೂಲೆಕ್ಸ್ ಸೊಳ್ಳೆ. ಊತ ಬರುವುದು ಮೆದುಳಿನ ಅಂಗಾಂಶಕ್ಕೆ. ವೈರಸ್‌ನ ಮೇಲೆ ಪ್ರತಿಜೈವಿಕ ಔಷಧಿ, ಅಂದರೆ ಆ್ಯಂಟಿಬಯಾಟಿಕ್, ಕೆಲಸ ಮಾಡುವುದಿಲ್ಲ.

ಮೆನಿಂಜೈಟಿಸ್ ಎಂದರೆ ಮೆದುಳು ಮತ್ತು ಬೆನ್ನುಹುರಿಯನ್ನು ಸುತ್ತಿರುವ ಪೊರೆಗಳ ಉರಿಯೂತ. ಇದನ್ನು ವೈರಸ್, ಬ್ಯಾಕ್ಟೀರಿಯಾ, ಶಿಲೀಂಧ್ರ ಯಾವುದು ಬೇಕಾದರೂ ತರಬಹುದು. ಇವುಗಳಲ್ಲಿ ಬ್ಯಾಕ್ಟೀರಿಯಾದಿಂದ ಬರುವುದು ತುಂಬ ಅಪಾಯಕಾರಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದು ಬಂದವರಲ್ಲಿ ಸುಮಾರು 6 ಜನರಲ್ಲಿ ಒಬ್ಬರು ಸಾಯುತ್ತಾರೆ, 5 ಜನರಲ್ಲಿ ಒಬ್ಬರಿಗೆ ಕಿವುಡುತನ, ಫಿಟ್ಸ್, ಕೈಕಾಲಿನ ದೌರ್ಬಲ್ಯದಂಥ ಗಂಭೀರ ತೊಂದರೆ ಉಳಿಯುತ್ತದೆ. ಆದರೆ ಇದಕ್ಕೆ ಔಷಧಿ ಇದೆ. ಸರಿಯಾದ ಔಷಧಿ, ಸರಿಯಾದ ಸಮಯಕ್ಕೆ ಸಿಗಬೇಕು, ಅಷ್ಟೇ.

ಮುಖ್ಯ ರೋಗಾಣುಗಳು ನಾಲ್ಕು ಎಂದು ಇಟ್ಟುಕೊಳ್ಳಿ. ನ್ಯುಮೊಕಾಕಸ್, ಹೀಮೊಫಿಲಸ್ ಇನ್‌ಫ್ಲುಯೆಂಜೆ ಬಿ, ಮೆನಿಂಗೊಕಾಕಸ್ ಎನ್ನಲಾಗುವ ನೈಸೀರಿಯ ಮೆನಿಂಜೈಟಿಡಿಸ್, ಮತ್ತು ಕ್ಷಯದ ರೋಗಾಣುವಾದ ಮೈಕೊಬ್ಯಾಕ್ಟೀರಿಯಂ ಟ್ಯೂಬರ್‌ಕ್ಯುಲೋಸಿಸ್. ಮೊದಲ ಮೂರು ಕೆಲವೇ ಗಂಟೆ ಅಥವಾ ದಿನಗಳಲ್ಲಿ ರೋಗಿಯನ್ನು ಕೆಡಹುತ್ತವೆ. ಕ್ಷಯದ ಮೆನಿಂಜೈಟಿಸ್ ವಾರಗಟ್ಟಲೆ ನಿಧಾನವಾಗಿ ಬರುತ್ತದೆ. ನವಜಾತ ಶಿಶುಗಳಲ್ಲಿ ಇ. ಕೋಲೈ, ಕ್ಲೆಬ್ಸಿಯೆಲ್ಲಾದಂಥ ಬೇರೆ ಬ್ಯಾಕ್ಟೀರಿಯಾಗಳೂ ಕಾರಣವಾಗುತ್ತವೆ.

ಬೆನ್ನಿನ ನೀರು ತೆಗೆಯುವ ಪರೀಕ್ಷೆ

ಮೆದುಳಿನ ಪೊರೆಗಳ ನಡುವೆ ಒಂದು ತಿಳಿಯಾದ ದ್ರವ ಇರುತ್ತದೆ. ಇದು ಮಸ್ತಿಷ್ಕ ಮೇರುದ್ರವ. ರೋಗಾಣು ಇರುವುದು ಅಲ್ಲಿಯೇ. ಆದ್ದರಿಂದ ಎಲ್ಲ ಪರೀಕ್ಷೆಯೂ ಆ ದ್ರವದಿಂದಲೇ ಶುರುವಾಗುತ್ತದೆ. ಅದನ್ನು ಸೊಂಟದ ಹತ್ತಿರ ಸೂಜಿ ಹಾಕಿ ತೆಗೆಯುತ್ತಾರೆ. ಜನ ಇದನ್ನು 'ಬೆನ್ನಿನ ನೀರು ತೆಗೆಯುವುದು' ಎನ್ನುತ್ತಾರೆ. 'ಬೆನ್ನಿನ ನೀರು ತೆಗೆಸಿದರೆ ಕಾಲು ಬಿದ್ದುಹೋಗುತ್ತದೆ' ಎಂಬ ಭಯದಿಂದ ಬೇಡ ಎನ್ನುವ ಮನೆಯವರೂ ಇದ್ದಾರೆ.

ಅಂಗರಚನೆಯನ್ನು ನೋಡಿದರೆ ಈ ಭಯಕ್ಕೆ ಆಧಾರವಿಲ್ಲ ಎಂಬುದು ಗೊತ್ತಾಗುತ್ತದೆ. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲನೇ ಅಥವಾ ಎರಡನೇ ಕಶೇರುಕದ ಮಟ್ಟದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಮೂರನೇ ಮತ್ತು ನಾಲ್ಕನೇ ಅಥವಾ ನಾಲ್ಕನೇ ಮತ್ತು ಐದನೇ ಕಶೇರುಕಗಳ ನಡುವೆ. ಅಲ್ಲಿ ಬೆನ್ನುಹುರಿ ಇಲ್ಲ, ದ್ರವದಲ್ಲಿ ತೇಲುವ ನರದ ಎಳೆಗಳು ಮಾತ್ರ ಇವೆ. ವಯಸ್ಕರಲ್ಲಿ ಸುಮಾರು 150 ಮಿಲಿಲೀಟರ್ ದ್ರವ ಇರುತ್ತದೆ. ದೇಹ ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ತಯಾರಿಸುತ್ತದೆ. ಪರೀಕ್ಷೆಗೆ ತೆಗೆಯುವುದು ಕೆಲವೇ ಮಿಲಿಲೀಟರ್. ಕೆಲವರಿಗೆ ಒಂದೆರಡು ದಿನ ತಲೆನೋವು ಬರಬಹುದು. ಮೆದುಳಿನ ಒತ್ತಡ ಹೆಚ್ಚಾಗಿರುವ ಸಂಶಯವಿದ್ದರೆ ವೈದ್ಯರು ಮೊದಲು ಸ್ಕ್ಯಾನ್ ಮಾಡಿಸುತ್ತಾರೆ. ಈ ದ್ರವ ಇಲ್ಲದೆ ಮುಂದೆ ಹೇಳುವ ಪರೀಕ್ಷೆಗಳಲ್ಲಿ ಹೆಚ್ಚಿನವನ್ನು ಸರಿಯಾಗಿ ಮಾಡಲು ಆಗುವುದಿಲ್ಲ.

ಹಳೆಯ ದಾರಿ: ಕಲ್ಚರ್

ದ್ರವವನ್ನು ರಕ್ತ ಬೆರೆಸಿದ ಅಗರ್ ತಟ್ಟೆಯ ಮೇಲೆ ಹಾಕಿ ಬೆಚ್ಚಗೆ ಇಡುತ್ತಾರೆ. ಬ್ಯಾಕ್ಟೀರಿಯಾ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಗಳಾಗಲು ಒಂದೆರಡು ದಿನ ಬೇಕು. ಆಮೇಲೆ ಅದನ್ನು ಔಷಧಿಯ ಬಿಲ್ಲೆಗಳ ಜೊತೆ ಮತ್ತೆ ಬೆಳೆಸಿ, ಯಾವ ಔಷಧಿಯ ಸುತ್ತ ಬೆಳವಣಿಗೆ ನಿಂತಿದೆ ಎಂದು ನೋಡಲು ಇನ್ನೊಂದು ದಿನ. ಕ್ಷಯದ ರೋಗಾಣು ಬೆಳೆಯಲು ವಾರಗಳೇ ಬೇಕು.

ಇದರಲ್ಲಿ ಎರಡು ತೊಂದರೆ ಇದೆ. ಒಂದು ಸಮಯ. ಇನ್ನೊಂದು ಇನ್ನೂ ಮುಖ್ಯ. ರೋಗಿ ಆಸ್ಪತ್ರೆಗೆ ಬರುವ ಮೊದಲೇ ಎಲ್ಲೋ ಒಂದು ಕಡೆ ಆ್ಯಂಟಿಬಯಾಟಿಕ್ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಂಡಿರುತ್ತಾನೆ. ಗೌರಿಬಿದನೂರು, ಚಿಂತಾಮಣಿ ಅಥವಾ ಶಿಡ್ಲಘಟ್ಟದ ಹಳ್ಳಿಯಿಂದ ಜ್ವರದ ರೋಗಿ ಬೆಂಗಳೂರಿನ ನಿಮ್ಹಾನ್ಸ್‌ಗೋ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೋ ತಲುಪುವ ಹೊತ್ತಿಗೆ ಎರಡು ಮೂರು ಕಡೆ ಔಷಧಿ ಪಡೆದಿರುವ ಸಾಧ್ಯತೆ ಇರುತ್ತದೆ. ಆ ಔಷಧಿ ದ್ರವದಲ್ಲಿರುವ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಯದಷ್ಟು ನಿತ್ರಾಣ ಮಾಡಿರಬಹುದು, ಆದರೆ ರೋಗ ವಾಸಿ ಮಾಡಿರುವುದಿಲ್ಲ. ಕಲ್ಚರ್ ವರದಿ 'ಬೆಳವಣಿಗೆ ಇಲ್ಲ' ಎಂದು ಬರುತ್ತದೆ. ವೈದ್ಯರಿಗೆ ರೋಗಾಣು ಯಾವುದು ಎಂದೂ ಗೊತ್ತಿಲ್ಲ, ಅದಕ್ಕೆ ಯಾವ ಔಷಧಿ ನಾಟುತ್ತದೆ ಎಂದೂ ಗೊತ್ತಿಲ್ಲ.

ಹಾಗೆಂದು ವೈದ್ಯರು ಕಾಯುವುದಿಲ್ಲ. ಸಂಶಯ ಬಂದ ಕೂಡಲೇ ಸೆಫ್ಟ್ರಯಾಕ್ಸೋನ್‌ನಂಥ ಔಷಧಿಯನ್ನು ರಕ್ತನಾಳಕ್ಕೆ ಕೊಡಲು ಶುರು ಮಾಡುತ್ತಾರೆ. ನಿರೋಧದ ಸಂಶಯ ಇರುವ ಕಡೆ ವ್ಯಾಂಕೊಮೈಸಿನ್ ಅನ್ನೂ ಸೇರಿಸುತ್ತಾರೆ. ಪರೀಕ್ಷೆಯ ಕೆಲಸ ಈ ಚಿಕಿತ್ಸೆಯನ್ನು ಸರಿದಾರಿಗೆ ತರುವುದು: ಬೇಡದ ಔಷಧಿ ನಿಲ್ಲಿಸುವುದು, ನಾಟದ ಔಷಧಿಯನ್ನು ಬದಲಿಸುವುದು.

ಬ್ಯಾಕ್ಟೀರಿಯಾ ಔಷಧಿಯನ್ನು ಸೋಲಿಸುವ ಮೂರು ಬಗೆ

ವಂಶವಾಹಿ ಪರೀಕ್ಷೆ ಏನನ್ನು ಹುಡುಕುತ್ತದೆ ಎಂದು ತಿಳಿಯಬೇಕಾದರೆ ನಿರೋಧ ಎಲ್ಲಿ ಬರೆದಿರುತ್ತದೆ ಎಂದು ತಿಳಿಯಬೇಕು.

1. ಔಷಧಿಯನ್ನು ಕತ್ತರಿಸುವ ಕಿಣ್ವ. ಹೀಮೊಫಿಲಸ್‌ನ ಕೆಲವು ತಳಿಗಳು ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ತಯಾರಿಸುತ್ತವೆ. ಅದು ಆ್ಯಂಪಿಸಿಲಿನ್ ಅಣುವಿನ ಉಂಗುರವನ್ನು ಒಡೆದುಹಾಕುತ್ತದೆ. ಇದರ ವಂಶವಾಹಿ ಸಾಮಾನ್ಯವಾಗಿ ಚಲಿಸಬಲ್ಲ ಡಿಎನ್‌ಎ ತುಣುಕುಗಳ ಮೇಲೆ ಇರುತ್ತದೆ. ಪ್ಲಾಸ್ಮಿಡ್ ಮೂಲಕ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಇಂಥ ವಂಶವಾಹಿ ಇದೆಯೇ ಇಲ್ಲವೇ ಎಂದು ನೋಡಿದರೆ ಸಾಕು.

2. ಒಂದೇ ಅಕ್ಷರದ ಬದಲಾವಣೆ. ಮೆನಿಂಗೊಕಾಕಸ್‌ನ ವಿರುದ್ಧ ಬಳಸುವ ಸಿಪ್ರೊಫ್ಲಾಕ್ಸಾಸಿನ್, ಡಿಎನ್‌ಎ ಗೈರೇಸ್ ಎಂಬ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. ಈ ಕಿಣ್ವದ ವಂಶವಾಹಿಯ ಹೆಸರು ಗೈರ್-ಎ. ಅದರಲ್ಲಿ 91ನೇ ಸ್ಥಾನದ ಥ್ರಿಯೊನಿನ್ ಬದಲು ಐಸೊಲ್ಯೂಸಿನ್ ಬಂದರೆ ಔಷಧಿಯ ಹಿಡಿತ ತಪ್ಪುತ್ತದೆ. ಕೋಡಾನ್ ಪಟ್ಟಿ ತೆಗೆದು ನೋಡಿ. ಎ-ಸಿ-ಸಿ ಎಂದರೆ ಥ್ರಿಯೊನಿನ್. ನಡುವಿನ ಸಿ ಹೋಗಿ ಯು ಬಂದರೆ ಎ-ಯು-ಸಿ, ಅದು ಐಸೊಲ್ಯೂಸಿನ್. ಸುಮಾರು 22 ಲಕ್ಷ ಪ್ರತ್ಯಾಮ್ಲ ಜೋಡಿಗಳಿರುವ ಜೀನೋಮ್‌ನಲ್ಲಿ ಒಂದೇ ಒಂದು ಬದಲಾದರೂ ಔಷಧಿಯ ಶಕ್ತಿ ಕುಂದುತ್ತದೆ. ಕ್ಷಯದ ರೋಗಾಣು ರಿಫಾಂಪಿಸಿನ್‌ಗೆ ನಿರೋಧ ಪಡೆಯುವುದೂ ಇದೇ ಬಗೆಯಿಂದ. ಅಲ್ಲಿ ಬದಲಾವಣೆಗಳು ಬಹುಪಾಲು ಆರ್‌ಪಿಒ-ಬಿ ಎಂಬ ವಂಶವಾಹಿಯ 81 ಪ್ರತ್ಯಾಮ್ಲ ಜೋಡಿಗಳ ಒಂದು ಸಣ್ಣ ತುಂಡಿನೊಳಗೇ ಇರುತ್ತವೆ.

3. ತೇಪೆ ಹಾಕಿದ ವಂಶವಾಹಿ. ನ್ಯುಮೊಕಾಕಸ್ ಬೀಟಾ-ಲ್ಯಾಕ್ಟಮೇಸ್ ತಯಾರಿಸುವುದಿಲ್ಲ. ಅದರ ದಾರಿಯೇ ಬೇರೆ, ಮತ್ತು ಗ್ರಿಫಿತ್ ಇಲ್ಲಿ ಮತ್ತೆ ಬರುತ್ತಾನೆ. ಪೆನಿಸಿಲಿನ್ ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವ ಪ್ರೋಟೀನುಗಳಿಗೆ ಅಂಟಿಕೊಂಡು ಆ ಕೆಲಸ ನಿಲ್ಲಿಸುತ್ತದೆ. ಆ ಪ್ರೋಟೀನುಗಳ ಮೂರು ಮುಖ್ಯ ವಂಶವಾಹಿಗಳು ಪಿಬಿಪಿ-1ಎ, 2ಬಿ ಮತ್ತು 2ಎಕ್ಸ್. ನಮ್ಮ ಬಾಯಿ ಗಂಟಲಿನಲ್ಲಿ ನಿರುಪದ್ರವಿಯಾಗಿ ವಾಸಿಸುವ ಸ್ಟ್ರೆಪ್ಟೊಕಾಕಸ್ ಮೈಟಿಸ್‌ನಂಥ ನೆಂಟ ಬ್ಯಾಕ್ಟೀರಿಯಾಗಳು ಸತ್ತಾಗ ಅವುಗಳ ಡಿಎನ್‌ಎ ಹೊರಗೆ ಬೀಳುತ್ತದೆ. ನ್ಯುಮೊಕಾಕಸ್ ಅದನ್ನು ಒಳಗೆ ಎಳೆದುಕೊಂಡು ತನ್ನ ವಂಶವಾಹಿಯ ತುಂಡಿನ ಜಾಗದಲ್ಲಿ ಸೇರಿಸಿಕೊಳ್ಳುತ್ತದೆ. ಇದೇ ರೂಪಾಂತರಣ. ಗ್ರಿಫಿತ್‌ನ ಇಲಿಯೊಳಗೆ ನಡೆದದ್ದು ನಮ್ಮ ಗಂಟಲಲ್ಲೂ ನಡೆಯುತ್ತದೆ. ಹೀಗೆ ತೇಪೆ ಬಿದ್ದ ಪ್ರೋಟೀನು ಗೋಡೆ ಕಟ್ಟುವ ಕೆಲಸ ಮಾಡುತ್ತದೆ, ಆದರೆ ಪೆನಿಸಿಲಿನ್ ಅದಕ್ಕೆ ಸರಿಯಾಗಿ ಅಂಟುವುದಿಲ್ಲ.

ಒಂದು ಮುಖ್ಯ ವಿಷಯ ಇಲ್ಲಿ ಸೇರಿಸಬೇಕು. ಅದೇ ನ್ಯುಮೊಕಾಕಸ್ ಶ್ವಾಸಕೋಶದಲ್ಲಿದ್ದರೆ ಪೆನಿಸಿಲಿನ್‌ನಿಂದ ವಾಸಿಯಾಗಬಹುದು, ಮೆದುಳಿನ ಪೊರೆಯಲ್ಲಿದ್ದರೆ ಆಗದಿರಬಹುದು. ರಕ್ತ ಮತ್ತು ಮೆದುಳಿನ ನಡುವಿನ ತಡೆ ಔಷಧಿಯನ್ನು ಪೂರ್ತಿ ಒಳಗೆ ಬಿಡುವುದಿಲ್ಲ. ಆದ್ದರಿಂದ ಮಾನದಂಡವೂ ಬೇರೆ. ರಕ್ತನಾಳದ ಮೂಲಕ ಕೊಡುವ ಪೆನಿಸಿಲಿನ್‌ಗೆ ಸಂಬಂಧಿಸಿದಂತೆ, ಬೇರೆ ಸೋಂಕುಗಳಲ್ಲಿ ಮಿಲಿಲೀಟರಿಗೆ 2 ಮೈಕ್ರೊಗ್ರಾಂವರೆಗೆ ಬೆಳವಣಿಗೆ ನಿಂತರೆ 'ನಾಟುತ್ತದೆ' ಎನ್ನುತ್ತಾರೆ. ಮೆನಿಂಜೈಟಿಸ್‌ನಲ್ಲಿ 0.06 ಮೈಕ್ರೊಗ್ರಾಂಗೇ ನಿಲ್ಲಬೇಕು. 0.12 ಆದರೆ ನಿರೋಧ ಎಂದೇ ಲೆಕ್ಕ. ಅಂದರೆ ಬೇರೆ ಕಡೆ ಲೆಕ್ಕಕ್ಕೆ ಬಾರದ ಅಲ್ಪ ನಿರೋಧವೂ ಇಲ್ಲಿ ಜೀವಕ್ಕೆ ಅಪಾಯ.

ಹೊಸ ದಾರಿ: ಡಿಎನ್‌ಎ ಓದುವುದು

ಪಿಸಿಆರ್ ಪಾಠ ನೆನಪಿದೆಯಲ್ಲ? ಬೇರ್ಪಡಿಸುವುದು, ಪ್ರೈಮರ್ ಕೂರಿಸುವುದು, ಟ್ಯಾಕ್ ಪಾಲಿಮರೇಸ್‌ನಿಂದ ಉದ್ದ ಮಾಡುವುದು. ಪ್ರತಿ ಸುತ್ತಿಗೆ ಪ್ರತಿಗಳು ಎರಡರಷ್ಟು. 30 ಸುತ್ತು ಮುಗಿದಾಗ ಒಂದು ಪ್ರತಿಯಿಂದ ಲೆಕ್ಕದ ಪ್ರಕಾರ ಸುಮಾರು 107 ಕೋಟಿ ಪ್ರತಿಗಳು. ಬೆನ್ನಿನ ನೀರಿನಲ್ಲಿ ಬ್ಯಾಕ್ಟೀರಿಯಾ ಕೆಲವೇ ಇದ್ದರೂ, ಮೊದಲೇ ಕೊಟ್ಟ ಔಷಧಿಯಿಂದ ಸತ್ತಿದ್ದರೂ, ಅದರ ಡಿಎನ್‌ಎ ಸಿಕ್ಕರೆ ಸಾಕು. ನ್ಯುಮೊಕಾಕಸ್‌ಗೆ ಲೈಟ್-ಎ, ಮೆನಿಂಗೊಕಾಕಸ್‌ಗೆ ಸಿಟಿಆರ್-ಎ, ಹೀಗೆ ಒಂದೊಂದಕ್ಕೂ ಗುರುತಿನ ವಂಶವಾಹಿ ಇದೆ. ಕೆಲವೇ ಗಂಟೆಗಳಲ್ಲಿ ರೋಗಾಣು ಯಾವುದು ಎಂಬ ಉತ್ತರ ಬರುತ್ತದೆ. ಅದೇ ರೀತಿ ಬೀಟಾ-ಲ್ಯಾಕ್ಟಮೇಸ್ ವಂಶವಾಹಿ ಇದೆಯೇ, ಗೈರ್-ಎ ಬದಲಾಗಿದೆಯೇ ಎಂದೂ ನೋಡಬಹುದು.

ಈ ಬಗೆಯ ಪರೀಕ್ಷೆಗಳಲ್ಲಿ ನಮ್ಮ ರಾಜ್ಯದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕ್ಷಯಕ್ಕೆ. ಸರ್ಕಾರದ ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಸಿಬಿನ್ಯಾಟ್ ಎಂದು ಕರೆಯುವ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಎರಡು ಪ್ರಶ್ನೆಗೆ ಉತ್ತರ ಕೊಡುತ್ತದೆ: ಕ್ಷಯದ ಡಿಎನ್‌ಎ ಇದೆಯೇ? ಆ 81 ಜೋಡಿಗಳ ತುಂಡಿನಲ್ಲಿ ರಿಫಾಂಪಿಸಿನ್ ನಿರೋಧದ ಬದಲಾವಣೆ ಇದೆಯೇ? ಕ್ಷಯದ ಮೆನಿಂಜೈಟಿಸ್ ಸಂಶಯವಿದ್ದಾಗ ಬೆನ್ನಿನ ನೀರನ್ನು ಮೊದಲು ಈ ಯಂತ್ರದಲ್ಲಿ ನೋಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿತು. ಕಫದ ಪರೀಕ್ಷೆಗೆ ಬಳಸುವ ಟ್ರೂನ್ಯಾಟ್ ಎಂಬ ಇನ್ನೊಂದು ಯಂತ್ರ ಭಾರತದ್ದೇ. ಅದರ ಹಿಂದಿನ ಸಂಶೋಧನೆ ನಡೆದದ್ದು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ, ತಯಾರಿಸುವುದು ಗೋವಾದ ಮೋಲ್‌ಬಯೊ ಕಂಪನಿ. ಬ್ಯಾಟರಿಯಲ್ಲೂ ನಡೆಯುವುದರಿಂದ ಸಣ್ಣ ಊರುಗಳಿಗೂ ಹೊಂದುತ್ತದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಮಾನ್ಯತೆ ನೀಡಿತು.

ಮೂರನೆಯದು ಪೂರ್ಣ ಜೀನೋಮ್ ಓದುವುದು. ಸ್ವತಂತ್ರವಾಗಿ ಬದುಕುವ ಜೀವಿಗಳಲ್ಲಿ ಮೊಟ್ಟಮೊದಲು ಪೂರ್ಣ ಜೀನೋಮ್ ಓದಿದ್ದು ಹೀಮೊಫಿಲಸ್ ಇನ್‌ಫ್ಲುಯೆಂಜೆಯದು, 1995ರಲ್ಲಿ. ಸುಮಾರು 18 ಲಕ್ಷ ಪ್ರತ್ಯಾಮ್ಲ ಜೋಡಿಗಳು. ಅಂದು ಅದು ದೊಡ್ಡ ಸಾಹಸ. ಇಂದು ಒಂದು ಯಂತ್ರ ಒಂದೇ ಸಲಕ್ಕೆ ಹತ್ತಾರು ಬ್ಯಾಕ್ಟೀರಿಯಾಗಳ ಜೀನೋಮ್ ಓದುತ್ತದೆ. ತೇಪೆ ಹಾಕಿದ ಪಿಬಿಪಿ ವಂಶವಾಹಿಗಳಿಗೆ ಈ ದಾರಿಯೇ ಸರಿ. ಏಕೆಂದರೆ ತೇಪೆ ಎಲ್ಲಿ ಬಿದ್ದಿದೆ ಎಂದು ಮೊದಲೇ ಗೊತ್ತಿಲ್ಲದಿದ್ದರೆ ಒಂದು ಪ್ರೈಮರ್‌ನಿಂದ ಹುಡುಕಲಾಗದು.

ಬೆಂಗಳೂರಿನಲ್ಲಿ ನಡೆದ ಕೆಲಸ

ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ (ಕಿಮ್ಸ್) ಕೇಂದ್ರ ಸಂಶೋಧನಾ ಪ್ರಯೋಗಾಲಯ ಇದೆ. ಡಾ. ಕೆ. ಎಲ್. ರವಿಕುಮಾರ್ ಅವರ ನೇತೃತ್ವದಲ್ಲಿ ಅಲ್ಲಿ ಬಹಳ ವರ್ಷಗಳಿಂದ ನ್ಯುಮೊಕಾಕಸ್‌ನ ಅಧ್ಯಯನ ನಡೆದಿದೆ. ಭಾರತ, ನೈಜೀರಿಯ, ಕೊಲಂಬಿಯ ಮತ್ತು ಫಿಲಿಪೈನ್ಸ್ ದೇಶಗಳು ಸೇರಿ ಔಷಧ ನಿರೋಧವನ್ನು ಜೀನೋಮ್ ಮೂಲಕ ಗಮನಿಸುವ ಅಂತರರಾಷ್ಟ್ರೀಯ ಯೋಜನೆಯಲ್ಲಿ ಭಾರತದ ಪಾಲುದಾರ ಈ ಪ್ರಯೋಗಾಲಯವೇ.

2021ರಲ್ಲಿ ಈ ತಂಡ ಒಂದು ಮುಖ್ಯ ಅಧ್ಯಯನ ಪ್ರಕಟಿಸಿತು. 2009ರಿಂದ 2017ರವರೆಗೆ ದೇಶದ ಬೇರೆ ಬೇರೆ ಕಡೆಗಳಿಂದ ಸಂಗ್ರಹಿಸಿದ 480 ನ್ಯುಮೊಕಾಕಸ್‌ಗಳ ಪೂರ್ಣ ಜೀನೋಮ್ ಓದಲಾಯಿತು. ಅವುಗಳಲ್ಲಿ 294 ರೋಗಿಗಳಿಂದ ಬಂದವು, 186 ಮೂಗಿನ ಹಿಂಭಾಗದಿಂದ ತೆಗೆದ ಮಾದರಿಗಳು. ಸಿಕ್ಕ ಸೀರೊಟೈಪ್‌ಗಳು 54. ಸೀರೊಟೈಪ್ ಎಂದರೆ ಗ್ರಿಫಿತ್‌ನ ನಯವಾದ ತಳಿಗೆ ನಯ ಕೊಟ್ಟ ಆ ಸಕ್ಕರೆಯ ಹೊದಿಕೆಯ ಬಗೆಗಳು. ಎಲ್ಲಕ್ಕಿಂತ ಹೆಚ್ಚು ಕಂಡದ್ದು 19ಎಫ್. ಒಟ್ಟು ಮಾದರಿಗಳಲ್ಲಿ ಶೇ. 42 ಪೆನಿಸಿಲಿನ್‌ಗೆ ನಿರೋಧ ಹೊಂದಿದ್ದವು. ಶೇ. 45 ಬಹು ಔಷಧ ನಿರೋಧ ಹೊಂದಿದ್ದವು.

ಇದನ್ನು ಹಳೆಯ ಒಂದು ಅಂಕಿಯ ಪಕ್ಕದಲ್ಲಿ ಇಡೋಣ. ವೆಲ್ಲೂರಿನ ಸಿಎಂಸಿ ಸೇರಿದಂತೆ ಭಾರತದ ಆಸ್ಪತ್ರೆಗಳು 1993ರಿಂದ 1997ರವರೆಗೆ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪೆನಿಸಿಲಿನ್‌ಗೆ ಮಧ್ಯಮ ಮಟ್ಟದ ನಿರೋಧ ತೋರಿದವು ಶೇ. 1.3 ಮಾತ್ರ. ಎರಡು ಅಧ್ಯಯನಗಳ ಮಾದರಿ ಮತ್ತು ವಿಧಾನ ಬೇರೆ ಬೇರೆ, ಆದ್ದರಿಂದ ಒಂದರಿಂದ ಇನ್ನೊಂದನ್ನು ನೇರವಾಗಿ ಕಳೆಯುವಂತಿಲ್ಲ. ಆದರೂ ಹೋಗುತ್ತಿರುವ ದಿಕ್ಕು ಯಾವುದು ಎಂಬುದರಲ್ಲಿ ಸಂಶಯವಿಲ್ಲ.

ಜೀನೋಮ್ ಓದುವುದರಿಂದ ಲಸಿಕೆಗೂ ಉಪಯೋಗ ಇದೆ. ನ್ಯುಮೊಕಾಕಸ್ ಲಸಿಕೆಯಲ್ಲಿ ಎಲ್ಲ ಸೀರೊಟೈಪ್‌ಗಳೂ ಇರುವುದಿಲ್ಲ. ಲಸಿಕೆಯೊಳಗಿನ ಬಗೆಗಳು ಕಡಿಮೆಯಾದಾಗ ಹೊರಗಿನವು ಆ ಜಾಗಕ್ಕೆ ಬರುತ್ತವೆಯೇ ಎಂದು ಗಮನಿಸುತ್ತಿರಬೇಕು. ಈ ಅಧ್ಯಯನದಲ್ಲಿ ಬಹು ಔಷಧ ನಿರೋಧ ಇರುವ ಒಂದು ವಂಶಾವಳಿ ಲಸಿಕೆಯ ಒಳಗಿನ ಹೊದಿಕೆಯನ್ನೂ ಹೊರಗಿನ ಹೊದಿಕೆಯನ್ನೂ ಧರಿಸಿರುವುದು ಕಂಡುಬಂತು. ಹೊದಿಕೆ ಮಾತ್ರ ನೋಡುವ ಹಳೆಯ ಪರೀಕ್ಷೆಯಲ್ಲಿ ಇವೆಲ್ಲ ಒಂದೇ ಕುಟುಂಬದವು ಎಂದು ಗೊತ್ತಾಗುತ್ತಿರಲಿಲ್ಲ.

ಉಮ್ರಾ ಯಾತ್ರೆಯಿಂದ ಬಂದ ಪಾಠ

ನಮ್ಮ ಅನೇಕರ ಮನೆಗಳಿಂದ ಹಿರಿಯರು ಹಜ್ ಮತ್ತು ಉಮ್ರಾಗೆ ಹೋಗುತ್ತಾರೆ. ಮೆನಿಂಜೈಟಿಸ್ ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರ ಪಡೆಯಬೇಕು ಎಂಬುದು ಅವರಿಗೆಲ್ಲ ಗೊತ್ತು. ಏಕೆ ಎಂಬುದು ಎಲ್ಲರಿಗೂ ಗೊತ್ತಿರುವುದಿಲ್ಲ. 1987ರ ಹಜ್ ಸಮಯದಲ್ಲಿ ಮೆನಿಂಗೊಕಾಕಸ್‌ನ 'ಎ' ಗುಂಪು ಹರಡಿತು. ಆಮೇಲೆ ಲಸಿಕೆ ಕಡ್ಡಾಯವಾಯಿತು. 2000 ಮತ್ತು 2001ರಲ್ಲಿ 'ಡಬ್ಲ್ಯು' ಗುಂಪು ಹರಡಿದ ನಂತರ ಎ, ಸಿ, ಡಬ್ಲ್ಯು, ವೈ ನಾಲ್ಕೂ ಗುಂಪುಗಳ ವಿರುದ್ಧದ ಲಸಿಕೆ ಕಡ್ಡಾಯವಾಯಿತು. ಅದನ್ನು ತಲುಪುವ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು, ಏಕೆಂದರೆ ದೇಹ ಪ್ರತಿಕಾಯ ತಯಾರಿಸಲು ಅಷ್ಟು ಸಮಯ ಬೇಕು.

2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಅಮೆರಿಕ, ಫ್ರಾನ್ಸ್ ಮತ್ತು ಬ್ರಿಟನ್‌ನಲ್ಲಿ ಉಮ್ರಾಗೆ ಸಂಬಂಧಿಸಿದ 12 ಮೆನಿಂಗೊಕಾಕಸ್ ಪ್ರಕರಣಗಳು ವರದಿಯಾದವು. 10 ಜನ ಸ್ವತಃ ಹೋಗಿ ಬಂದವರು, ಇಬ್ಬರು ಅವರ ಹತ್ತಿರದವರು. 9 ಜನ ಲಸಿಕೆ ಹಾಕಿಸಿಕೊಂಡಿರಲಿಲ್ಲ, ಉಳಿದ 3 ಜನರ ಲಸಿಕೆಯ ದಾಖಲೆ ಸಿಗಲಿಲ್ಲ. ರೋಗಾಣುಗಳನ್ನು ಪರೀಕ್ಷಿಸಿದಾಗ ಅಮೆರಿಕದ ಒಂದು ಮತ್ತು ಫ್ರಾನ್ಸ್‌ನ ಎರಡು ಸಿಪ್ರೊಫ್ಲಾಕ್ಸಾಸಿನ್‌ಗೆ ನಿರೋಧ ತೋರಿದವು.

ಇದರ ಪರಿಣಾಮ ಏನು? ಮೆನಿಂಗೊಕಾಕಸ್ ರೋಗಿಯ ಮನೆಯವರಿಗೆ, ಒಂದೇ ಕೋಣೆಯಲ್ಲಿ ಇದ್ದವರಿಗೆ ರೋಗ ಬರದಂತೆ ಮುಂಜಾಗ್ರತೆಯಾಗಿ ಔಷಧಿ ಕೊಡುತ್ತಾರೆ. ಒಂದೇ ಮಾತ್ರೆಯಲ್ಲಿ ಮುಗಿಯುವುದರಿಂದ ಸಿಪ್ರೊಫ್ಲಾಕ್ಸಾಸಿನ್ ಎಲ್ಲರಿಗೂ ಅನುಕೂಲ. ರೋಗಾಣು ನಿರೋಧ ಪಡೆದಿದ್ದರೆ ಮನೆಯವರು ಮಾತ್ರೆ ನುಂಗಿ ನಿಶ್ಚಿಂತರಾಗಿರುತ್ತಾರೆ, ರಕ್ಷಣೆ ಮಾತ್ರ ಸಿಕ್ಕಿರುವುದಿಲ್ಲ. ಆಗ ರಿಫಾಂಪಿಸಿನ್ ಅಥವಾ ಸೆಫ್ಟ್ರಯಾಕ್ಸೋನ್ ಕೊಡಬೇಕಾಗುತ್ತದೆ. ಇಂಥ ನಿರೋಧ ನಮ್ಮ ದೇಶಕ್ಕೆ ಹೊಸದಲ್ಲ. 2005ರಲ್ಲಿ ದೆಹಲಿಯಲ್ಲಿ ಮೆನಿಂಗೊಕಾಕಸ್ ಹರಡಿದಾಗ ಸಿಕ್ಕ ತಳಿಗಳಲ್ಲೂ ಗೈರ್-ಎ ಬದಲಾವಣೆ ಕಂಡುಬಂದಿತ್ತು.

ಪರೀಕ್ಷೆಯ ಮಿತಿಗಳು

ವಂಶವಾಹಿ ಪರೀಕ್ಷೆ ಎಲ್ಲವನ್ನೂ ಹೇಳುವುದಿಲ್ಲ. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ತಿಳಿದಿರಬೇಕು.

ಮೊದಲನೆಯದು, ನಾವು ಹುಡುಕಿದ್ದು ಮಾತ್ರ ಸಿಗುತ್ತದೆ. ಹೊಸ ಬಗೆಯ ಬದಲಾವಣೆ ಬಂದಿದ್ದರೆ ಹಳೆಯ ಪ್ರೈಮರ್ ಅದನ್ನು ಕಾಣುವುದಿಲ್ಲ. 'ನಿರೋಧದ ವಂಶವಾಹಿ ಸಿಗಲಿಲ್ಲ' ಎಂದರೆ 'ಔಷಧಿ ಖಂಡಿತ ನಾಟುತ್ತದೆ' ಎಂದಲ್ಲ. ಎರಡನೆಯದು, ವಂಶವಾಹಿ ಇದ್ದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎನ್ನಲಾಗದು. ಮೂರನೆಯದು, ಪಿಸಿಆರ್‌ಗೆ ಸತ್ತ ಮತ್ತು ಬದುಕಿರುವ ಬ್ಯಾಕ್ಟೀರಿಯಾದ ವ್ಯತ್ಯಾಸ ತಿಳಿಯುವುದಿಲ್ಲ. ನಾಲ್ಕನೆಯದು, ದ್ರವದಲ್ಲಿ ರೋಗಾಣು ತೀರ ಕಡಿಮೆ ಇದ್ದರೆ ಪರೀಕ್ಷೆ ತಪ್ಪಬಹುದು. ಕ್ಷಯದ ಮೆನಿಂಜೈಟಿಸ್‌ನಲ್ಲಿ ಸಿಬಿನ್ಯಾಟ್ ಇಲ್ಲ ಎಂದರೂ ರೋಗಲಕ್ಷಣ ನೋಡಿ ವೈದ್ಯರು ಚಿಕಿತ್ಸೆ ಮುಂದುವರಿಸುವುದು ಇದೇ ಕಾರಣಕ್ಕೆ.

ಆದ್ದರಿಂದ ಕಲ್ಚರ್ ಇಂದಿಗೂ ಬೇಕು. ಔಷಧಿಯ ಎದುರು ಬ್ಯಾಕ್ಟೀರಿಯಾ ನಿಜವಾಗಿ ಏನು ಮಾಡುತ್ತದೆ ಎಂದು ತೋರಿಸುವುದು ಅದೇ. ಕಿಮ್ಸ್‌ನ ಆ 480 ಜೀನೋಮ್‌ಗಳೂ ಮೊದಲು ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾದಿಂದಲೇ ಬಂದವು.

ನಾವು ಏನು ಮಾಡಬಹುದು?

ಜೀನೋಮ್ ಓದುವ ಯಂತ್ರ ನಮ್ಮ ಕೈಯಲ್ಲಿಲ್ಲ. ಆದರೆ ನಿರೋಧ ಬೆಳೆಯುವ ಜಾಗ ನಮ್ಮದೇ ಮೂಗು ಗಂಟಲು. ನೆಗಡಿಗೆ ಆ್ಯಂಟಿಬಯಾಟಿಕ್ ನುಂಗಿದಾಗ ನೆಗಡಿಯ ವೈರಸ್‌ಗೆ ಏನೂ ಆಗುವುದಿಲ್ಲ. ಗಂಟಲಿನ ದುರ್ಬಲ ಬ್ಯಾಕ್ಟೀರಿಯಾ ಸಾಯುತ್ತವೆ, ನಿರೋಧ ಇರುವವು ಉಳಿದು ಹೆಚ್ಚಾಗುತ್ತವೆ. ಅವುಗಳ ಡಿಎನ್‌ಎ ನ್ಯುಮೊಕಾಕಸ್‌ಗೂ ಸಿಗುತ್ತದೆ.

* ವೈದ್ಯರ ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಕೊಳ್ಳಬೇಡಿ. ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಮಾರಬಾರದ ಔಷಧಿ. ಸೆಫ್ಟ್ರಯಾಕ್ಸೋನ್‌ನಂಥವು 2014ರಲ್ಲಿ ಜಾರಿಗೆ ಬಂದ ಎಚ್-1 ಪಟ್ಟಿಯಲ್ಲಿವೆ. ಅಂಗಡಿಯವರು ಅವುಗಳ ಮಾರಾಟವನ್ನು ಪುಸ್ತಕದಲ್ಲಿ ಬರೆದಿಡಬೇಕು.

* ಮನೆಯಲ್ಲಿ ಉಳಿದ ಮಾತ್ರೆಯನ್ನು ತಮ್ಮನಿಗೋ ತಂಗಿಗೋ ಕೊಡಬೇಡಿ.

* ರಂಜಾನ್ ತಿಂಗಳಲ್ಲಿ ರೋಜಾಗಾಗಿ ದಿನಕ್ಕೆ ಮೂರು ಸಲದ ಮಾತ್ರೆಯನ್ನು ತಾವೇ ಎರಡಕ್ಕೆ ಇಳಿಸುವವರಿದ್ದಾರೆ. ಹಾಗೆ ಮಾಡಬೇಡಿ. ಸಹರಿ ಮತ್ತು ಇಫ್ತಾರ್‌ಗೆ ಹೊಂದುವ ಔಷಧಿ ಇದೆಯೇ ಎಂದು ವೈದ್ಯರನ್ನು ಕೇಳಿ. ಕಾಯಿಲೆ ಬಿದ್ದವರಿಗೆ ರೋಜಾದಿಂದ ವಿನಾಯಿತಿ ಇದೆ, ವಾಸಿಯಾದ ಮೇಲೆ ಕಜಾ ಇಡಬಹುದು.

* ಮನೆಯಲ್ಲಿ ಕೂಸು ಇದ್ದರೆ ತಾಯಿ ಕಾರ್ಡ್ ತೆಗೆದು ನೋಡಿ. ಹೀಮೊಫಿಲಸ್ ಬಿ ವಿರುದ್ಧದ ರಕ್ಷಣೆ ಪೆಂಟಾವೇಲೆಂಟ್ ಲಸಿಕೆಯಲ್ಲಿದೆ: 6, 10 ಮತ್ತು 14 ವಾರ. ನ್ಯುಮೊಕಾಕಸ್ ಲಸಿಕೆ (ಪಿಸಿವಿ) 2021ರಿಂದ ದೇಶದೆಲ್ಲೆಡೆ ಉಚಿತ: 6 ವಾರ, 14 ವಾರ ಮತ್ತು 9 ತಿಂಗಳು. ಬರದ ಕಾಯಿಲೆಗೆ ಆ್ಯಂಟಿಬಯಾಟಿಕ್ ಬೇಡ. ಹಾಗಾಗಿ ಲಸಿಕೆ ನಿರೋಧವನ್ನೂ ತಡೆಯುತ್ತದೆ.

* ಉಮ್ರಾಗೆ ಹೊರಟ ದಾದಾ, ದಾದಿ, ನಾನಾ, ನಾನಿಯವರ ಲಸಿಕೆಯ ದಿನಾಂಕವನ್ನು ನೀವೇ ನೋಡಿ. ಹೋಗಿ ಬಂದವರಿಗೆ ಜ್ವರ ಬಂದರೆ ಪ್ರಯಾಣದ ವಿಷಯವನ್ನು ವೈದ್ಯರಿಗೆ ಹೇಳಿ.

* ಜ್ವರ, ತೀವ್ರ ತಲೆನೋವು, ಕತ್ತು ಬಿಗಿಯುವುದು, ವಾಂತಿ, ಬೆಳಕು ಸಹಿಸಲಾಗದಿರುವುದು, ಮಂಪರು, ಫಿಟ್ಸ್, ಒತ್ತಿದರೂ ಮಾಯವಾಗದ ಕೆಂಪು-ನೇರಳೆ ಚುಕ್ಕೆಗಳು. ಕೂಸುಗಳಲ್ಲಿ ಹಾಲು ಬಿಡುವುದು, ನೆತ್ತಿ ಉಬ್ಬುವುದು. ಇವು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಅದುವರೆಗೆ ಕೊಟ್ಟ ಮಾತ್ರೆಗಳ ಪಟ್ಟಿಗಳನ್ನು ಜೊತೆಗೆ ಒಯ್ಯಿರಿ. ವೈದ್ಯರು ಬೆನ್ನಿನ ನೀರು ತೆಗೆಯಬೇಕು ಎಂದಾಗ ಮನೆಯವರು ಹೆದರಿದರೆ, ಬೆನ್ನುಹುರಿ ಎಲ್ಲಿ ಮುಗಿಯುತ್ತದೆ ಎಂದು ವಿವರಿಸಲು ನಿಮಗೆ ಬರಬೇಕು.

ಯೋಚಿಸಿ ಉತ್ತರಿಸಿ

1. ಬೆನ್ನಿನ ನೀರಿನ ಕಲ್ಚರ್‌ನಲ್ಲಿ ಬೆಳವಣಿಗೆ ಇಲ್ಲ, ಆದರೆ ಪಿಸಿಆರ್‌ನಲ್ಲಿ ನ್ಯುಮೊಕಾಕಸ್ ಇದೆ. ಇದಕ್ಕೆ ಕಾರಣ ಏನಿರಬಹುದು?

2. ಶಾಖದಿಂದ ಕೊಂದ ತಳಿಯ ಸಾರಕ್ಕೆ ಡಿಎನ್‌ಎ ಒಡೆಯುವ ಕಿಣ್ವ ಸೇರಿಸಿದಾಗ ರೂಪಾಂತರಣ ನಿಂತಿತು. ಪೆನಿಸಿಲಿನ್ ನಿರೋಧ ಹರಡುವ ಬಗೆಗೂ ಇದಕ್ಕೂ ಸಂಬಂಧ ಏನು?

3. ಒಂದು ನ್ಯುಮೊಕಾಕಸ್‌ನ ಬೆಳವಣಿಗೆ ಮಿಲಿಲೀಟರಿಗೆ 1 ಮೈಕ್ರೊಗ್ರಾಂ ಪೆನಿಸಿಲಿನ್‌ಗೆ ನಿಲ್ಲುತ್ತದೆ. ನ್ಯುಮೋನಿಯಾ ಮತ್ತು ಮೆನಿಂಜೈಟಿಸ್ ಎರಡರಲ್ಲೂ ವರದಿ ಒಂದೇ ಆಗಿರುತ್ತದೆಯೇ?

4. ಥ್ರಿಯೊನಿನ್‌ನ ನಾಲ್ಕು ಕೋಡಾನ್‌ಗಳಲ್ಲಿ ಎಷ್ಟು ಕೋಡಾನ್‌ಗಳು ನಡುವಿನ ಒಂದೇ ಬದಲಾವಣೆಯಿಂದ ಐಸೊಲ್ಯೂಸಿನ್ ಆಗಬಲ್ಲವು? ಉಳಿದದ್ದು ಏನಾಗುತ್ತದೆ?

ಉತ್ತರಗಳನ್ನು ಬರೆದು ಜೀವಶಾಸ್ತ್ರ ವಿಭಾಗಕ್ಕೆ ತಂದುಕೊಡಿ. ಸರಿ ಉತ್ತರಗಳನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.